ಶೂನ್ಯ ರೋಧದ ತಂತಿಗೂ ಹೊದಿಕೆ ಏಕೆ ಬೇಕು?

ಅತಿಯಾಗಿ ತಣಿಸಿದ ಅತಿವಾಹಕ ತಂತಿಗೆ ರೋಧವೇ ಇಲ್ಲವೆಂದ ಮೇಲೆ ಅದಕ್ಕೆ ಇನ್ಸುಲೇಶನ್ ಏಕೆ ಎಂದು ಕಾಯಿಲ್ ಸುತ್ತುವ ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಸ್ಥಿರ ಪ್ರವಾಹ ಹರಿಯುತ್ತಿರುವಾಗ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ವೋಲ್ಟೇಜ್ ಇರುವುದಿಲ್ಲ. ಆದರೆ ಪ್ರವಾಹವನ್ನು ಏರಿಸುವಾಗ ಮತ್ತು ಇಳಿಸುವಾಗ ಕಾಯಿಲ್‌ನ ಇಂಡಕ್ಟೆನ್ಸ್‌ನಿಂದಾಗಿ ವೋಲ್ಟೇಜ್ ಹುಟ್ಟುತ್ತದೆ; ಇಂಡಕ್ಟೆನ್ಸ್ ಎಂದರೆ ಪ್ರವಾಹದ ಬದಲಾವಣೆಯನ್ನು ಎದುರಿಸುವ ಗುಣ. ಸುತ್ತುಗಳ ನಡುವೆ ಹೊದಿಕೆ ಇಲ್ಲದಿದ್ದರೆ ಪ್ರವಾಹದ ಒಂದು ಪಾಲು ಸುರುಳಿಯ ದಾರಿ ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಇದಕ್ಕಿಂತಲೂ ಕಠಿಣವಾದದ್ದು ಕ್ವೆಂಚ್. ತಂತಿಯ ಒಂದು ತುಣುಕು ಅತಿವಾಹಕತೆ ಕಳೆದುಕೊಂಡು ಬಿಸಿಯಾದ ಕೂಡಲೇ ಕಾಯಿಲ್‌ನಲ್ಲಿ ತುಂಬಿಕೊಂಡಿರುವ ಶಕ್ತಿಯನ್ನು ಅಲ್ಪ ಸಮಯದಲ್ಲಿ ಹೊರಗೆ ಹರಿಸಬೇಕಾಗುತ್ತದೆ, ಮತ್ತು ಆಗ ದೊಡ್ಡ ಕಾಯಿಲ್‌ಗಳಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ವೋಲ್ಟ್ ಎದ್ದು ನಿಲ್ಲುತ್ತದೆ. ಕಾಯಿಲ್ ಅನ್ನು ತಣ್ಣಗಿಡುವ ದ್ರವ ಹೀಲಿಯಂ ಒಳ್ಳೆಯ ಅವಾಹಕವೇ ಹೌದು. ಆದರೆ ಅದೇ ಕ್ಷಣದಲ್ಲಿ ಅದು ಕುದಿದು ಅನಿಲವಾಗುತ್ತದೆ, ಆ ಅನಿಲವೋ ಕಡಿಮೆ ಒತ್ತಡದಲ್ಲಿ ಕೆಲವೇ ನೂರು ವೋಲ್ಟ್‌ಗೆ ಕಿಡಿ ಹಾರಿಸಿಬಿಡುತ್ತದೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಅದು ಬಯಲಾಗುವುದು ಆಗಲೇ.

ಹಾಗಿದ್ದರೂ ಹೊದಿಕೆಯನ್ನು ಆರಿಸುವಾಗ ನಾನು ಮೊದಲು ನೋಡುವುದು ಅದು ಎಷ್ಟು ವೋಲ್ಟ್ ತಡೆಯುತ್ತದೆ ಎಂಬುದನ್ನಲ್ಲ. ತಂತಿ ತಣ್ಣಗಾಗುವ ಮೊದಲು ಎಂಥ ಬಿಸಿಯನ್ನು ದಾಟಿ ಬರಬೇಕು ಎಂಬುದೇ ಬಹುಪಾಲು ನಿರ್ಧಾರಗಳನ್ನು ಮಾಡಿಬಿಡುತ್ತದೆ.

ನಿಯೋಬಿಯಂ-ಟೈಟೇನಿಯಂ ತಂತಿಯದು ಸುಲಭದ ಪ್ರಕರಣ. ಅದು ಬಾಗುವ, ಎಳೆದರೆ ತಾಳುವ ಮಿಶ್ರಲೋಹ. ಸುತ್ತಿದ ಮೇಲೆ ಅದನ್ನು ಕಾಯಿಸಬೇಕಾಗಿಲ್ಲ. ಆದ್ದರಿಂದ ಸಾಮಾನ್ಯ ಮೋಟಾರ್ ತಂತಿಗೆ ಬಳಿಯುವಂಥ ಎನಾಮೆಲ್ ಅನ್ನೇ, ಮಿಲಿಮೀಟರ್‌ನ ನೂರರ ಕೆಲವು ಪಾಲಿನಷ್ಟು ದಪ್ಪದಲ್ಲಿ, ಇದಕ್ಕೂ ಬಳಿಯಬಹುದು. ಕೇಬಲ್ ಆದರೆ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್‌ನ ಟೇಪ್ ಸುತ್ತುತ್ತಾರೆ. ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ 1232 ದ್ವಿಧ್ರುವ ಅಯಸ್ಕಾಂತಗಳಲ್ಲಿ ಈ ಟೇಪಿನ ಹೊರ ಪದರವನ್ನು ಬೇಕೆಂದೇ ಸಣ್ಣ ಅಂತರ ಬಿಟ್ಟು ಸುತ್ತಲಾಗಿದೆ, ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್, ಅಂದರೆ 1.9 ಕೆಲ್ವಿನ್‌ನ ಹೀಲಿಯಂ ಆ ಸಂದುಗಳಲ್ಲಿ ನುಸುಳಿ ತಂತಿಯ ಬಿಸಿಯನ್ನು ಹೊತ್ತೊಯ್ಯುತ್ತದೆ. ವಿದ್ಯುತ್ತನ್ನು ತಡೆಯುತ್ತಲೇ ಶಾಖಕ್ಕೆ ದಾರಿ ಬಿಡುವ ಈ ಉಪಾಯ ನನಗೆ ಬಹಳ ಮೆಚ್ಚುಗೆಯದು.

ನಿಜವಾದ ಕಷ್ಟ ಶುರುವಾಗುವುದು ನಿಯೋಬಿಯಂ-ತವರ ಸಂಯುಕ್ತದಿಂದ. ಈ ವಸ್ತು ಗಾಜಿನಂತೆ ಪೆಡಸು. ಅದು ರೂಪುಗೊಂಡ ಮೇಲೆ ಬಾಗಿಸಿದರೆ ಒಡೆಯುವುದರಿಂದ, ಮೊದಲು ತಂತಿಯನ್ನು ಸುತ್ತಿ ನಂತರ ಇಡೀ ಕಾಯಿಲ್ ಅನ್ನು ಗಾಳಿಯಿಲ್ಲದ ಕುಲುಮೆಯಲ್ಲಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಿನಗಟ್ಟಲೆ ಇಡುತ್ತಾರೆ. ನಿಯೋಬಿಯಂ ಮತ್ತು ತವರ ಕೂಡಿ ಅತಿವಾಹಕವಾಗುವುದು ಅಲ್ಲಿಯೇ. ಆ ಬಿಸಿಗೆ ಎನಾಮೆಲ್ ಆಗಲಿ ಪಾಲಿಇಮೈಡ್ ಆಗಲಿ ಉಳಿಯುವುದಿಲ್ಲ. ಹಾಗಾಗಿ ಗಾಜಿನ ನಾರನ್ನು ತಂತಿಯ ಸುತ್ತ ಹೆಣೆದು, ಕುಲುಮೆಯಿಂದ ಬಂದ ನಂತರ ನಿರ್ವಾತದಲ್ಲಿ ಎಪಾಕ್ಸಿ ಎಂಬ ಅಂಟು ರಾಳ ತುಂಬಿಸುತ್ತೇವೆ.

ಇಲ್ಲೊಂದು ಸೂಕ್ಷ್ಮವಿದೆ. ನೂಲಿಗೆ ಗಂಜಿ ಹಾಕುವಂತೆ ಗಾಜಿನ ನಾರಿಗೂ, ಹೆಣೆಯುವಾಗ ಕಡಿಯದಿರಲೆಂದು, ಪಿಷ್ಟ ಮತ್ತು ಎಣ್ಣೆಯ ತೆಳು ಲೇಪವಿರುತ್ತದೆ. ಅದನ್ನು ಮೊದಲೇ ತೆಗೆಯದಿದ್ದರೆ ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಅದು ಸುಟ್ಟುಹೋಗುವ ಬದಲು ಇಂಗಾಲವಾಗಿ ನಾರಿನ ಮೇಲೆಯೇ ಕೂರುತ್ತದೆ. ನನ್ನ ಆರಂಭದ ದಿನಗಳಲ್ಲಿ ಒಂದು ಪರೀಕ್ಷಾ ಕಾಯಿಲ್ ಕುಲುಮೆಗೆ ಬಿಳಿಯಾಗಿ ಹೋಗಿ ಸೀಸದಕಡ್ಡಿಯ ಬಣ್ಣದಲ್ಲಿ ಹೊರಬಂದಿತ್ತು. ಹೆಣಿಗೆ ಎಲ್ಲೂ ಹರಿದಿರಲಿಲ್ಲ, ಬೆರಳಿಟ್ಟರೆ ಮಾತ್ರ ತುದಿ ಕಪ್ಪಾಗುತ್ತಿತ್ತು. ಮೀಟರ್ ಹಿಡಿದಾಗ ಮೆಗಾಓಮ್‌ಗಳಲ್ಲಿ ಇರಬೇಕಾಗಿದ್ದ ರೋಧ ಕಿಲೋಓಮ್‌ಗಳಿಗೆ ಇಳಿದಿತ್ತು. ಅವಾಹಕವೆಂದು ನಾವೇ ಹೊದಿಸಿದ್ದ ಪದರ ವಾಹಕವಾಗಿತ್ತು. ಅಂದಿನಿಂದ ನಾರಿನ ಲೇಪವನ್ನು ಗಾಳಿಯಲ್ಲಿ ಕಾಯಿಸಿ ಕಳೆದಿದ್ದಾರೆಯೇ ಎಂದು ನಾನೇ ನೋಡದೆ ಯಾವ ಕಾಯಿಲ್ ಅನ್ನೂ ಕುಲುಮೆಗೆ ಬಿಡುವುದಿಲ್ಲ.

ಐಟರ್ ಎಂಬ ಪರಮಾಣು ಸಮ್ಮಿಳನ ಯಂತ್ರದಲ್ಲಿ ಉಂಗುರಾಕಾರದ ಕಾಂತಕ್ಷೇತ್ರ ಉಂಟುಮಾಡುವ ಟೊರಾಯ್ಡಲ್ ಕಾಯಿಲ್‌ಗಳಲ್ಲಿ ಬೇರೆಯೇ ದಾರಿ ಹಿಡಿದರು. 68,000 ಆಂಪಿಯರ್ ಹೊರುವ ಆ ದಪ್ಪ ವಾಹಕವನ್ನು ಬರಿದಾಗಿಯೇ ಸುತ್ತಿ, ಕಾಯಿಸಿ, ಆಮೇಲೆ ಸುತ್ತುಗಳನ್ನು ಅತ್ಯಂತ ಎಚ್ಚರಿಕೆಯಿಂದ ತುಸುವೇ ಬಿಡಿಸಿ ಗಾಜು ಮತ್ತು ಪಾಲಿಇಮೈಡ್ ಟೇಪ್ ಸುತ್ತಿದರು. ತುಂಬಿದ ರಾಳದಲ್ಲಿ ವಿಕಿರಣವನ್ನು ತಾಳಿಕೊಳ್ಳಲೆಂದು ಎಪಾಕ್ಸಿಯ ಜೊತೆ ಸಯನೇಟ್ ಎಸ್ಟರ್ ಎಂಬ ಇನ್ನೊಂದು ರಾಳ ಬೆರೆಸಿದ್ದಾರೆ.

ತಣಿಸುವಾಗಿನ ತೊಂದರೆ ಇನ್ನೊಂದು ಬಗೆಯದು. ಕೋಣೆಯ ಉಷ್ಣತೆಯಿಂದ 4 ಕೆಲ್ವಿನ್‌ಗೆ ಇಳಿಯುವಾಗ ತಂತಿಯಲ್ಲಿರುವ ತಾಮ್ರ ಸುಮಾರು ಶೇಕಡಾ 0.3ರಷ್ಟು ಕುಗ್ಗಿದರೆ, ಬರೀ ಎಪಾಕ್ಸಿ ಶೇಕಡಾ 1ಕ್ಕೂ ಹೆಚ್ಚು ಕುಗ್ಗುತ್ತದೆ. ನಾರಿಲ್ಲದೆ ರಾಳ ಮಾತ್ರ ನಿಂತ ಮೂಲೆಗಳಲ್ಲಿ ಬಿರುಕು ಬಿಡುವುದು ಇದರಿಂದ. ಆ ಶೈತ್ಯದಲ್ಲಿ ತಾಮ್ರದ ಉಷ್ಣಧಾರಣ ಶಕ್ತಿ ಸಾವಿರಾರು ಪಟ್ಟು ಕಡಿಮೆಯಾಗಿರುವುದರಿಂದ, ಒಂದು ಬಿರುಕು ಬಿಡುಗಡೆ ಮಾಡುವ ಅತ್ಯಲ್ಪ ಶಕ್ತಿಯೇ ಕ್ವೆಂಚ್‌ಗೆ ಸಾಕಾಗಬಹುದು.

ಅಷ್ಟೊಂದು ತಣಿಸದಿದ್ದರೂ ರೋಧ ಕಳೆದುಕೊಳ್ಳುವ, ಅಧಿಕ ಉಷ್ಣತೆಯ ಅತಿವಾಹಕಗಳಲ್ಲಿ ಈ ಲೆಕ್ಕ ಮತ್ತೆ ಬದಲಾಗುತ್ತದೆ. ಬಿಸ್ಮತ್ ಮೂಲದ 2212 ತಂತಿಯನ್ನು ಸುಮಾರು 890 ಡಿಗ್ರಿಯಲ್ಲಿ ಆಮ್ಲಜನಕದಲ್ಲೇ ಬೇಯಿಸಬೇಕಾದ್ದರಿಂದ, ಅದರ ಹೊದಿಕೆ ಆಮ್ಲಜನಕವನ್ನು ಒಳಗೆ ಬಿಡುವ ಸೆರಾಮಿಕ್ ಆಗಿರಬೇಕು. ವಿರಳ ಭಸ್ಮ ಧಾತು, ಬೇರಿಯಂ, ತಾಮ್ರಗಳ ಆಕ್ಸೈಡ್ ಆದ ರೆಬ್ಕೋದ ಟೇಪಿಗೆ ಕುಲುಮೆಯ ಕಾಟವಿಲ್ಲ. ಆದರೆ ಅದು ಪದರಗಳ ಕಟ್ಟು, ಅತಿವಾಹಕದ ಪದರವೋ ಒಂದೆರಡು ಮೈಕ್ರಾನ್ ಮಾತ್ರ. ಎಪಾಕ್ಸಿ ಅಂಟಿಕೊಂಡು ಕುಗ್ಗಿದರೆ ಆ ಪದರವನ್ನೇ ಸುಲಿದು ತೆಗೆಯುತ್ತದೆ. ಅದಕ್ಕಾಗಿ ಗಟ್ಟಿಯಾಗಿ ಅಂಟಿಕೊಳ್ಳದ ಹೊದಿಕೆಯನ್ನೋ, ಎಪಾಕ್ಸಿಯ ಬದಲು ಮೇಣವನ್ನೋ ಆರಿಸುತ್ತೇವೆ. 100 ಮೈಕ್ರಾನ್ ದಪ್ಪದ ಟೇಪಿಗೆ ಎರಡೂ ಬದಿ 25 ಮೈಕ್ರಾನ್ ಪಾಲಿಇಮೈಡ್ ಹಾಕಿದರೆ ಕಾಯಿಲ್‌ನ ಮೂರನೇ ಒಂದು ಭಾಗವನ್ನು ಹೊದಿಕೆಯೇ ನುಂಗಿಬಿಡುತ್ತದೆ.

2011ರಲ್ಲಿ ಪ್ರಕಟವಾದ, ಹೊದಿಕೆಯೇ ಇಲ್ಲದ ರೆಬ್ಕೋ ಕಾಯಿಲ್‌ನ ವಿಚಾರಕ್ಕೆ ಇಷ್ಟು ಮನ್ನಣೆ ಸಿಕ್ಕಿದ್ದು ಸಹಜವೇ. ಅಲ್ಲಿ ಕ್ವೆಂಚ್ ಆದ ಜಾಗವನ್ನು ತಪ್ಪಿಸಿ ಪ್ರವಾಹ ಪಕ್ಕದ ಸುತ್ತಿಗೆ ಸರಿದುಕೊಳ್ಳುತ್ತದೆ, 2019ರಲ್ಲಿ 45.5 ಟೆಸ್ಲಾ ಕಾಂತಕ್ಷೇತ್ರ ಮುಟ್ಟಿದಾಗ ಒಳಗಿದ್ದದ್ದು ಇಂಥದೇ ಪುಟ್ಟ ಕಾಯಿಲ್. ಆದರೆ ಪ್ರವಾಹ ಏರಿಸಿದಾಗ ಕ್ಷೇತ್ರ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಕ್ಷೇತ್ರವನ್ನು ಪದೇ ಪದೇ, ಬೇಗ ಬೇಗ ಏರಿಳಿಸಬೇಕಾದ ಅಯಸ್ಕಾಂತ ಬಂದರೆ ನಾನು ಇಂದಿಗೂ ಹೊದಿಕೆಯ ಟೇಪ್ ಸುತ್ತಿಸುತ್ತೇನೆ.