ಓದುಗರ ಪ್ರಶ್ನೆ: ಗದ್ದಲ ಇಲ್ಲದ ಬೆಟ್ಟದ ಊರು ಯಾವುದು?

ಪ್ರಶ್ನೆ: ಮಡಿಕೇರಿ ಆಯ್ತು, ಚಿಕ್ಕಮಗಳೂರೂ ಆಯ್ತು. ಶನಿವಾರ ಹೋದರೆ ಬೆಟ್ಟಕ್ಕಿಂತ ಜಾಸ್ತಿ ಕಾರುಗಳೇ ಕಾಣುತ್ತವೆ. ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗುವಂಥ ಸಣ್ಣ ಊರು ಯಾವುದಾದರೂ ಇದೆಯಾ?

ಉತ್ತರ: ಚಿಕ್ಕಮಗಳೂರು ಜಿಲ್ಲೆಯ ಕಳಸಕ್ಕೆ ಹೋಗಿ. ಹೊರನಾಡಿಗೆ ಹೋಗಿದ್ದರೆ ನೀವು ಕಳಸವನ್ನು ದಾಟಿಯೇ ಹೋಗಿರುತ್ತೀರಿ. ಎಲ್ಲರೂ ಮಾಡುವುದು ಅದನ್ನೇ. ಬಸ್ಸು ನಿಂತಾಗ ಒಂದು ಕಾಫಿ, ಮುಂದೆ ಎಂಟು ಕಿಲೋಮೀಟರ್, ಅನ್ನಪೂರ್ಣೇಶ್ವರಿ ದರ್ಶನ, ಊಟ, ವಾಪಸ್. ನೀವು ಇದನ್ನು ತಿರುವುಮುರುವು ಮಾಡಿ. ಕಳಸದಲ್ಲಿ ಎರಡು ರಾತ್ರಿ ಉಳಿದು, ಹೊರನಾಡಿಗೆ ಒಂದು ಮಧ್ಯಾಹ್ನ ಹೋಗಿಬನ್ನಿ.

ಭದ್ರಾ ನದಿ ಪಕ್ಕದ ಊರು. ಪೇಟೆ ಅಂದರೆ ಒಂದು ಉದ್ದದ ರಸ್ತೆ, ಅಷ್ಟೇ. ಗುಡ್ಡದ ಮೇಲೆ ಕಳಸೇಶ್ವರ ದೇವಸ್ಥಾನ. ಮೆಟ್ಟಿಲು ಹತ್ತಬೇಕು, ಮಂಡಿನೋವಿದ್ದರೆ ನಡುನಡುವೆ ಕೂತು ಹೋಗಲಿ. ಇಷ್ಟು ಚಿಕ್ಕ ಊರು ಒಂದು ಕಾಲಕ್ಕೆ ಭೈರರಸರ ರಾಜಧಾನಿಯಾಗಿತ್ತು ಅಂದರೆ ನಂಬೋದು ಕಷ್ಟ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು ಇದೇ ಮನೆತನ.

ನನಗೆ ತುಂಬಾ ಇಷ್ಟವಾದದ್ದು ಊರ ಹೊರಗಿನ ಅಂಬುತೀರ್ಥ. ಅಗಲವಾಗಿ ಬರುವ ಭದ್ರೆ ಇಲ್ಲಿ ಬಂಡೆಗಳ ನಡುವೆ ಸಣ್ಣದಾಗಿ, ಜೋರಾಗಿ ನುಗ್ಗುತ್ತಾಳೆ. ಪಕ್ಕದಲ್ಲಿ ಒಂದು ಬಂಡೆಯ ಮೇಲೆ ಎತ್ತಿಟ್ಟಂತೆ ಇನ್ನೊಂದು ಭಾರೀ ಚಪ್ಪಟೆ ಬಂಡೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಅಂತ ಅದರ ಮೇಲೆ ಸಂಸ್ಕೃತದಲ್ಲಿ ಕೆತ್ತಿದ್ದಾರೆ. ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತ ಅನ್ನಿಸಿದರೂ ಸೆಳೆತ ಜೋರಿದೆ, ಬಂಡೆಯೂ ಜಾರುತ್ತದೆ.

ಕಾಲಿಗೆ ಶಕ್ತಿ ಇದ್ದವರಿಗೆ ಕುದುರೆಮುಖ ಚಾರಣ ಇದೆ. ಸಂಸೆ ದಾಟಿ ಮುಳ್ಳೋಡಿಯಿಂದ ಹತ್ತಬೇಕು, ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಿ. ಅಪ್ಪ-ಅಮ್ಮನಿಗೆ ಕಾರಿನಲ್ಲಿ ಕುದುರೆಮುಖ ಪಟ್ಟಣದವರೆಗಿನ ದಾರಿಯೇ ಸಾಕು. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು, ಜನ ಖಾಲಿಯಾದರು. ಸಾಲುಸಾಲು ಕ್ವಾರ್ಟರ್ಸ್, ಗೋಡೆಗೆ ಪಾಚಿ, ಹಿಂದೆ ಹಸಿರು ಬೆಟ್ಟ. ಚೆಂದ ಅನ್ನಬೇಕೋ ಬೇಜಾರು ಅನ್ನಬೇಕೋ ನನಗಿನ್ನೂ ಗೊತ್ತಾಗಿಲ್ಲ.

ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಕಾಫಿ ಕೊಯ್ಲು, ಅಡಿಕೆ ಕೊಯ್ಲು ಎರಡೂ ನಡೆಯುತ್ತಿರುತ್ತವೆ. ಅಂಗಳದಲ್ಲಿ ಕಾಫಿ ಒಣಗುತ್ತಿರುತ್ತದೆ, ತುಳಿಯಬೇಡಿ, ಬೈಸಿಕೊಳ್ಳುತ್ತೀರಿ. ಮಾರ್ಚ್‌ ಹೊತ್ತಿಗೆ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟರೆ ಅದೃಷ್ಟ, ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ. ಜೂನ್-ಜುಲೈ ಮಳೆ ನೋಡಲು ಚೆಂದ, ಆದರೆ ವಯಸ್ಸಾದವರ ಜೊತೆ ಬೇಡ. ಇಂಬಳದ (ಜಿಗಣೆ) ಕಾಟ ಬೇರೆ.

ಬೆಂಗಳೂರಿನಿಂದ ಸುಮಾರು 320 ಕಿ.ಮೀ. ರೈಲಿಲ್ಲ. ಹೊರನಾಡಿನ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಕಳಸ. ಕಾರಾದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿ. ಅಲ್ಲಿಂದ ಮುಂದೆ ತಿರುವು ಜಾಸ್ತಿ, ಹೊಟ್ಟೆ ತುಂಬಾ ತಿನ್ನಬೇಡಿ.

ಹೋಂಸ್ಟೇ ಬುಕ್ ಮಾಡುವ ಮೊದಲು ಫೋನ್ ಮಾಡಿ, ಪೇಟೆಯಿಂದ ಎಷ್ಟು ದೂರ, ಜೀಪು ಬೇಕಾ ಅಂತ ಕೇಳಿ. ನಾನು ಒಮ್ಮೆ ಫೋಟೊ ನೋಡಿ ಸುಮ್ನೆ ದುಡ್ಡು ಕಟ್ಟಿದ್ದೆ. ಕೊನೆಯ ಎರಡು ಕಿಲೋಮೀಟರ್ ಕಲ್ಲುದಾರಿಯಲ್ಲಿ ಸೂಟ್‌ಕೇಸ್ ಹೊತ್ತು ನಡೆದದ್ದು ಅಮ್ಮ ಇವತ್ತಿಗೂ ಎತ್ತಿ ಆಡುತ್ತಾರೆ.