ನೋವಿಲ್ಲದೆ ಬರುವ ಮಬ್ಬು

ಡೊಂಬಿವಲಿಯಲ್ಲಿರುವ ನನ್ನ ಸೋದರಮಾವನಿಗೆ 71 ವರ್ಷ. ಒಂದು ಬೆಳಿಗ್ಗೆ ಮುಖ ತೊಳೆದು, ಟವೆಲಿನಿಂದ ಎಡಗಣ್ಣು ಒರೆಸಿಕೊಳ್ಳುತ್ತ ಬಲಗಣ್ಣೊಂದರಿಂದಲೇ ಗೋಡೆಯ ಕ್ಯಾಲೆಂಡರ್ ನೋಡಿದಾಗ, ತಿಂಗಳ ಹೆಸರೂ ಮೊದಲೆರಡು ಸಾಲಿನ ತಾರೀಖುಗಳೂ ಮಾತ್ರ ಕಂಡವು, ಕೆಳಗಿನದೆಲ್ಲ ಬೂದು. ಕಣ್ಣು ಕೆಂಪಾಗಿರಲಿಲ್ಲ, ನೋವೂ ಇರಲಿಲ್ಲ. ಪೊರೆ ಬಂದಿರಬೇಕೆಂದು ಮೂರು ದಿನ ಸುಮ್ಮನಿದ್ದರು. ಆದರೆ ಪೊರೆ ತಿಂಗಳುಗಟ್ಟಲೆ ಬೆಳೆಯುತ್ತದೆಯೇ ಹೊರತು ರಾತ್ರಿ ಬೆಳಗಾಗುವುದರಲ್ಲಿ ಬರುವುದಿಲ್ಲ. ಅವರಿಗಾದದ್ದು ದೃಷ್ಟಿನರಕ್ಕೆ ರಕ್ತ ಸಾಲದೆ ಆಗುವ ಹಾನಿ, ವೈದ್ಯರ ಮಾತಿನಲ್ಲಿ ‘ಇಸ್ಕೀಮಿಕ್ ಆಪ್ಟಿಕ್ ನ್ಯೂರೋಪಥಿ’.

ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಸುಮಾರು 10ರಿಂದ 12 ಲಕ್ಷ ತಂತುಗಳಿರುತ್ತವೆ. ಅವೆಲ್ಲ ಕಣ್ಣುಗುಡ್ಡೆಯ ಹಿಂಭಾಗದ ಒಂದೇ ಕಿರಿದಾದ ರಂಧ್ರದಿಂದ ಹೊರಬೀಳಬೇಕು. ಅಲ್ಲಿ ಅವುಗಳಿಗೆ ರಕ್ತ ಒದಗಿಸುವ ಸಣ್ಣ ನಾಳಗಳಲ್ಲಿ ಹರಿವು ಕುಗ್ಗಿದರೆ ನರದ ತುದಿ ಊದಿಕೊಳ್ಳುತ್ತದೆ. ರಂಧ್ರ ಹುಟ್ಟಿನಿಂದಲೇ ಇಕ್ಕಟ್ಟಾಗಿದ್ದರೆ ಆ ಊತವೇ ತಂತುಗಳನ್ನು ಮತ್ತಷ್ಟು ಹಿಸುಕುತ್ತದೆ. ಸತ್ತ ತಂತು ಮತ್ತೆ ಚಿಗುರುವುದಿಲ್ಲ. 50 ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಲ್ಲಿ ಇದು ಹೆಚ್ಚು. ನಿದ್ದೆಯಲ್ಲಿ ರಕ್ತದೊತ್ತಡ ಇಳಿಯುವುದೂ ಇದಕ್ಕೆ ಕಾರಣವಿರಬಹುದು ಎಂಬ ಅಭಿಪ್ರಾಯ ನೇತ್ರತಜ್ಞರಲ್ಲಿದೆ, ಹಾಗೆಂದು ಬಿ.ಪಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಬೇಕು.

ಮಾವನ ಒಂದೊಂದೇ ಕಣ್ಣು ಮುಚ್ಚಿಸಿ ಔಷಧಿ ಬಾಟಲಿಯ ಕೆಂಪು ಮುಚ್ಚಳ ತೋರಿಸಿದ ವೈದ್ಯೆ, ಬಣ್ಣ ಎರಡಕ್ಕೂ ಒಂದೇ ರೀತಿ ಕಾಣುತ್ತದೆಯೇ ಎಂದು ಕೇಳಿದರು. ಬಲಗಣ್ಣಿಗೆ ಅದು ತೊಳೆದು ತೊಳೆದು ಮಾಸಿದ ಬಟ್ಟೆಯಂತಿತ್ತು. ಆಮೇಲೆ ಅವರು ಕೇಳಿದ ಪ್ರಶ್ನೆಗಳು ನನಗೆ ವಿಚಿತ್ರವೆನಿಸಿದವು: ತಲೆ ಬಾಚುವಾಗ ನೆತ್ತಿ ನೋಯುತ್ತದೆಯೇ, ಊಟ ಅಗಿಯುವಾಗ ದವಡೆ ಸೋಲುತ್ತದೆಯೇ, ಹೊಸದಾಗಿ ತಲೆನೋವು ಬಂದಿದೆಯೇ? ಅಪಧಮನಿಗಳ ಗೋಡೆಯೇ ಉರಿಯೂತದಿಂದ ದಪ್ಪಗಾಗುವ, ‘ಜೈಂಟ್ ಸೆಲ್ ಆರ್ಟರೈಟಿಸ್’ ಎಂಬ ಇನ್ನೊಂದು ಕಾಯಿಲೆಯ ಲಕ್ಷಣಗಳು ಅವು. ಅದು ಹೆಚ್ಚಾಗಿ 70ರ ಆಸುಪಾಸಿನವರನ್ನು ಕಾಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಎರಡನೆಯ ಕಣ್ಣನ್ನೂ ಕಿತ್ತುಕೊಳ್ಳಬಹುದು. ಅದರ ಅನುಮಾನ ಬಲವಾಗಿದ್ದರೆ ಬಯಾಪ್ಸಿಯ ವರದಿಗೆ ಕಾಯದೆ ಅಂದೇ ಸ್ಟೀರಾಯ್ಡ್ ಆರಂಭಿಸುತ್ತಾರೆ. ಮೂರು ದಿನ ಕಾದದ್ದು ಎಷ್ಟು ಅಪಾಯದ ಕೆಲಸವೆಂದು ನಮಗೆ ಅರ್ಥವಾದದ್ದು ಆಗಲೇ.

ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಾದ ಇ.ಎಸ್.ಆರ್., ಸಿ.ಆರ್.ಪಿ. ಎರಡೂ ಮಾವನಿಗೆ ಸರಿಯಿದ್ದವು, ಅವರದು ಅಪಧಮನಿಯ ಉರಿಯೂತವಿಲ್ಲದ ಮೊದಲನೆಯ ಬಗೆ. ಹೋದ ದೃಷ್ಟಿಯನ್ನು ಖಚಿತವಾಗಿ ಮರಳಿ ತರುವ ಔಷಧ ಅದಕ್ಕಿಲ್ಲ. ಈಗ ಸಕ್ಕರೆ, ರಕ್ತದೊತ್ತಡಗಳನ್ನು ಹಿಡಿತದಲ್ಲಿಟ್ಟು ಎಡಗಣ್ಣನ್ನು ಕಾಪಾಡಿಕೊಳ್ಳುತ್ತಿದ್ದಾರೆ. ಸ್ಟೇಷನ್ನಿನ ಸೇತುವೆ ಇಳಿಯುವಾಗ ಮೆಟ್ಟಿಲಿನ ಆಳ ಅಂದಾಜಿಗೆ ಸಿಗದೆ, ಒಂದು ಕೈ ಕಂಬಿಯ ಮೇಲಿಟ್ಟು, ಪ್ರತಿ ಹೆಜ್ಜೆಗೂ ತಲೆ ಬಗ್ಗಿಸಿ ನೋಡಿ ಇಳಿಯುತ್ತಾರೆ.