ನನ್ನ ಆಟಕ್ಕೆ ಯಾವ ಟೆನಿಸ್ ರ‍್ಯಾಕೆಟ್ ಹೊಂದುತ್ತದೆ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 38. ಮೂರು ವರ್ಷಗಳಿಂದ ಬೆಳಗಿನ ಹೊತ್ತು ಟೆನಿಸ್ ಆಡುತ್ತಿದ್ದೇನೆ, ಹೆಚ್ಚಾಗಿ ಡಬಲ್ಸ್. ಕಲಿಯುವಾಗ ಕೊಂಡ ಅಲ್ಯೂಮಿನಿಯಂ ರ‍್ಯಾಕೆಟ್ಟೇ ಈಗಲೂ ಇದೆ. ಹೊಸದನ್ನು ಕೊಳ್ಳಬೇಕೆಂದರೆ ಒಬ್ಬರು ಭಾರದ್ದು ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಹಗುರದ್ದೇ ಒಳ್ಳೆಯದು ಎನ್ನುತ್ತಾರೆ. ನನ್ನ ಶೈಲಿಗೆ ಯಾವುದು ಸರಿ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮಗೆ ಸಲಹೆ ಕೊಟ್ಟ ಇಬ್ಬರೂ ಬಹುಶಃ ತಮ್ಮ ತಮ್ಮ ತೋಳಿಗೆ ಹೊಂದಿದ್ದನ್ನೇ ಹೇಳಿದ್ದಾರೆ. ಶೈಲಿ ಎಂದ ಕೂಡಲೇ ನಾವು ಬೇಸ್‌ಲೈನ್ ಆಟಗಾರ, ನೆಟ್ ಆಟಗಾರ ಎಂದು ವಿಂಗಡಿಸುತ್ತೇವೆ. ಆದರೆ ರ‍್ಯಾಕೆಟ್ ಆರಿಸುವವರು ಅದಕ್ಕೂ ಮೊದಲು ನೋಡಬೇಕಾದದ್ದು ತಮ್ಮ ಬೀಸು ಎಷ್ಟು ಉದ್ದವಾಗಿದೆ, ಎಷ್ಟು ವೇಗವಾಗಿದೆ ಎಂಬುದನ್ನು. ಎರಡನೆಯ ಸೆಟ್ಟಿನ ಕೊನೆಗೆ, ಬಿಸಿಲೇರಿ ಮೈ ದಣಿದಿರುವಾಗ, ನಿಮ್ಮ ಆಟವನ್ನು ಗೆಳೆಯರಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಆಗ ಕಾಣುವ ಬೀಸಿಗೇ ರ‍್ಯಾಕೆಟ್ ಹುಡುಕಬೇಕು.

ಬೀಸಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಟೆನಿಸ್ ಚೆಂಡು 135ರಿಂದ 147 ಸೆಂಟಿಮೀಟರ್ ಪುಟಿಯಬೇಕೆಂಬುದು ಸಾಮಾನ್ಯ ಚೆಂಡುಗಳಿಗಿರುವ ನಿಯಮ. ಎಂದರೆ ನೆಲಕ್ಕೆ ಬಡಿದಾಗ ಚಪ್ಪಟೆಯಾಗುವ ಚೆಂಡು ತನ್ನ ಶಕ್ತಿಯ ಹೆಚ್ಚುಕಡಿಮೆ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಸ್ಟ್ರಿಂಗ್‌ಗಳು ಹಾಗಲ್ಲ, ತಾವು ಹಿಡಿದಿಟ್ಟ ಶಕ್ತಿಯ ಬಹುಪಾಲನ್ನು ಮರಳಿಸುತ್ತವೆ. ಹೆಡ್ (ಸ್ಟ್ರಿಂಗ್ ಹೆಣೆದಿರುವ ಮುಂಭಾಗ) ಅಗಲವಾದಷ್ಟೂ, ಬಿಗಿ ಕಡಿಮೆಯಾದಷ್ಟೂ ಸ್ಟ್ರಿಂಗ್ ಹೆಚ್ಚು ಬಾಗುತ್ತದೆ, ಚೆಂಡು ಕಡಿಮೆ ಚಪ್ಪಟೆಯಾಗುತ್ತದೆ, ಹೊಡೆತಕ್ಕೆ ಬಲ ಬರುತ್ತದೆ. ಗಿಡ್ಡ, ನಿಧಾನ ಬೀಸಿನವರಿಗೆ ಈ ನೆರವು ಬೇಕೇ ಬೇಕು. ಉದ್ದವಾಗಿ, ವೇಗವಾಗಿ ಬೀಸುವವರಿಗೆ ಇದೇ ನೆರವು ಚೆಂಡನ್ನು ಬೇಸ್‌ಲೈನಿನಾಚೆ ಕಳಿಸುವ ತೊಂದರೆಯಾಗುತ್ತದೆ.

ಹೀಗಾಗಿ ಗಿಡ್ಡ ಬೀಸಿನವರು 102ರಿಂದ 107 ಚದರ ಇಂಚಿನ ಹೆಡ್ ಇರುವ, 260ರಿಂದ 285 ಗ್ರಾಂ ತೂಕದ ರ‍್ಯಾಕೆಟ್ ನೋಡಬಹುದು. ಕೆಳಗಿನಿಂದ ಮೇಲಕ್ಕೆ ಉಜ್ಜಿ, ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸುವ ಟಾಪ್‌ಸ್ಪಿನ್ ಹೊಡೆಯುವವರಿಗೆ 100 ಚದರ ಇಂಚು, 300 ಗ್ರಾಂ ಆಸುಪಾಸು, 16 ಉದ್ದ ಮತ್ತು 19 ಅಡ್ಡ ಸ್ಟ್ರಿಂಗ್‌ಗಳ ಸಡಿಲ ಹೆಣಿಗೆ ಒಪ್ಪುತ್ತದೆ. ಚೆಂಡನ್ನು ಸಪಾಟಾಗಿ, ಗುರಿಯಿಟ್ಟು ಹೊಡೆಯುವ ಅನುಭವಿಗಳು 98 ಚದರ ಇಂಚು, 305 ಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಕ, 18 ಮತ್ತು 20ರ ಒತ್ತು ಹೆಣಿಗೆಯತ್ತ ಹೋಗುತ್ತಾರೆ. ಈ ಕೊನೆಯ ಬಗೆಯ ಆಕರ್ಷಣೆ ದೊಡ್ಡದು, ಹೆಸರಾಂತ ಆಟಗಾರರ ಕೈಯಲ್ಲಿ ಅಂಥವನ್ನು ಕಂಡಿರುತ್ತೇವೆ. ಆದರೆ ಪೀಟ್ ಸಾಂಪ್ರಾಸ್ 85 ಚದರ ಇಂಚಿನ ಹೆಡ್‌ನಿಂದ ಗೆದ್ದ ಕಾಲ ಮುಗಿದಿದೆ. 90 ಚದರ ಇಂಚಿನ ಹೆಡ್ ಹಿಡಿದು ವರ್ಷಗಟ್ಟಲೆ ಆಡಿದ ರೋಜರ್ ಫೆಡರರ್ ಕೂಡ 2014ರಲ್ಲಿ 97ಕ್ಕೆ ಬದಲಾಯಿಸಿಕೊಂಡರು, 2017ರ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಆ ಅಳತೆಯಲ್ಲೇ. ಅಂಥ ಕೈಚಳಕದವರಿಗೇ ಅಗಲದ ನೆರವು ಬೇಕಾದ ಮೇಲೆ ವಾರಕ್ಕೆ ನಾಲ್ಕು ದಿನ ಆಡುವ ನಾವು 95ರ ಕೆಳಗೆ ನೋಡುವ ಅಗತ್ಯವೇ ಇಲ್ಲ.

ಭಾರದ ಪ್ರಶ್ನೆಯಲ್ಲಿ ಒಟ್ಟು ಗ್ರಾಂಗಿಂತ ಆ ಭಾರ ಎಲ್ಲಿ ಕೂತಿದೆ ಎಂಬುದು ಮುಖ್ಯ. ಸುತ್ತಿಗೆಯನ್ನು ಅದರ ಕಬ್ಬಿಣದ ತಲೆಯ ಬಳಿ ಹಿಡಿದು ಬೀಸಿದರೆ ಹಗುರವೆನಿಸುವ ಹಾಗೆ, ಹಿಡಿಯ ಕಡೆ ತೂಕವಿರುವ 305 ಗ್ರಾಂ ರ‍್ಯಾಕೆಟ್ ಒಮ್ಮೊಮ್ಮೆ ಹೆಡ್ ಭಾರವಿರುವ 280 ಗ್ರಾಂನದಕ್ಕಿಂತ ಚುರುಕಾಗಿ ತಿರುಗುತ್ತದೆ. ಪರೀಕ್ಷೆ ಸುಲಭ: ಸಾಮಾನ್ಯ ರ‍್ಯಾಕೆಟ್ಟಿನ ಉದ್ದ 27 ಇಂಚು, ಅದರ ನಡುಮಧ್ಯೆ ಬೆರಳಿಟ್ಟು ತೂಗಿ ನೋಡಿ, ಹಿಡಿಯ ಕಡೆ ಬಾಗಿದರೆ ಅದು ಹೆಡ್ ಹಗುರವಾದದ್ದು. ನೆಟ್ ಬಳಿ ಕಣ್ಣು ಮಿಟುಕಿಸುವಷ್ಟರಲ್ಲಿ ವಾಲಿಗೆ (ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ಹೊಡೆತಕ್ಕೆ) ರ‍್ಯಾಕೆಟ್ ತಿರುಗಿಸಬೇಕಾದ ಡಬಲ್ಸ್ ಆಟಗಾರರಾದ ನಿಮಗೆ ಇಂಥದ್ದೇ ಬೇಕು. ತೀರಾ ಹಗುರದ ರ‍್ಯಾಕೆಟ್ ವೇಗದ ಸರ್ವ್ ಎದುರು ಕೈಯಲ್ಲೇ ತಿರುಚಿಕೊಳ್ಳುತ್ತದೆ, ಅದರ ಅದುರು ಮೊಣಕೈಗೆ ಇಳಿಯುತ್ತದೆ. ತೀರಾ ಭಾರದ್ದು ತೋಳನ್ನು ದಣಿಸಿ ಬೀಸನ್ನು ತಡಮಾಡಿಸುತ್ತದೆ. ಎರಡರ ನಡುವೆ ಅನುಮಾನವಿದ್ದರೆ ಸ್ವಲ್ಪ ಹಗುರದ್ದನ್ನೇ ಕೊಳ್ಳಿ. ಫ್ರೇಮಿಗೆ ಸೀಸದ ಪಟ್ಟಿ ಅಂಟಿಸಿ ತೂಕ ಹೆಚ್ಚಿಸಬಹುದು, ಇಳಿಸಲು ಬರುವುದಿಲ್ಲ.

ಗಟ್ಟಿಂಗ್, ಅಂದರೆ ಸ್ಟ್ರಿಂಗ್ ಹಾಕಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಒಳ್ಳೆಯ ಫ್ರೇಮಿಗೆ ಹೊಂದದ ಗಟ್ಟಿಂಗ್ ಹಾಕಿಸುವುದಕ್ಕಿಂತ ಸಾಧಾರಣ ಫ್ರೇಮಿಗೆ ಸರಿಯಾದ ಗಟ್ಟಿಂಗ್ ಹಾಕಿಸುವುದು ಮೇಲು. ಪಾಲಿಯೆಸ್ಟರ್ ಸ್ಟ್ರಿಂಗ್ ಬೇಗ ತುಂಡಾಗದು, ವೇಗವಾಗಿ ಬೀಸುವವರಿಗೆ ಒಳ್ಳೆಯ ಸ್ಪಿನ್ ಕೊಡುತ್ತದೆ. ಆದರೆ ಅದು ಗಡಸು, ತುಂಡಾಗುವ ಬಹಳ ಮೊದಲೇ ಬಿಗಿ ಕಳೆದುಕೊಂಡಿರುತ್ತದೆ. ಗಡಸು ಫ್ರೇಮ್ ಮತ್ತು ಪಾಲಿಯೆಸ್ಟರ್ ಸೇರಿದರೆ ಮೊಣಕೈ ನೋವು ಬರುವ ಸಾಧ್ಯತೆ ಹೆಚ್ಚು. ನಿಮ್ಮ ವಯಸ್ಸಿನವರಿಗೆ ಅದಕ್ಕಿಂತ ಮೆತ್ತನೆಯ ಮಲ್ಟಿಫಿಲಮೆಂಟ್ ಅಥವಾ ಸಿಂಥೆಟಿಕ್ ಗಟ್ ಸ್ಟ್ರಿಂಗ್ ಕ್ಷೇಮ. ಬಿಗಿಯ ಮಿತಿ ಫ್ರೇಮಿನ ಮೇಲೇ ಪೌಂಡುಗಳಲ್ಲಿ ಅಚ್ಚಾಗಿರುತ್ತದೆ. ಅದರ ಮಧ್ಯದಿಂದ ಆರಂಭಿಸಿ, ಚೆಂಡು ಉದ್ದ ಹೋಗುತ್ತಿದ್ದರೆ ಮುಂದಿನ ಸಲ ಎರಡು ಪೌಂಡ್ ಏರಿಸಿ, ನೆಟ್‌ಗೆ ಬೀಳುತ್ತಿದ್ದರೆ ಎರಡು ಪೌಂಡ್ ಇಳಿಸಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಚೆಂಡಿನೊಳಗಿನ ಗಾಳಿ ಬಿಸಿಯಾಗಿ ಪುಟಿತ ಹೆಚ್ಚುತ್ತದೆ, ಹಾಗಾಗಿ ಬೇಸಿಗೆಯಲ್ಲಿ ತುಸು ಬಿಗಿ ಇರಲಿ. ಮುಚ್ಚಿದ ಕಾರಿನೊಳಗೆ ರ‍್ಯಾಕೆಟ್ ಬಿಟ್ಟು ಕೆಲಸಕ್ಕೆ ಹೋಗಬೇಡಿ, ಆ ಕಾವಿಗೆ ಸ್ಟ್ರಿಂಗ್ ಸಡಿಲವಾಗುತ್ತದೆ.

ಹಿಡಿಯ ಅಳತೆ ನೋಡಲು ರ‍್ಯಾಕೆಟ್ ಹಿಡಿದು, ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುತ್ತದೆಯೇ ಎಂದು ಪರೀಕ್ಷಿಸಿದರೆ ಸಾಕು. ಬೆವರಿಗೆ ಹಿಡಿಯ ಮೇಲೆ ಓವರ್‌ಗ್ರಿಪ್ ಎಂಬ ತೆಳು ಪಟ್ಟಿ ಸುತ್ತುವುದಾದರೆ ಒಂದಳತೆ ಕಡಿಮೆಯದನ್ನು ಕೊಳ್ಳಿ.

ನೀವು ಬರೆದಿರುವಷ್ಟರಿಂದ ಹೇಳುವುದಾದರೆ, 100ರಿಂದ 102 ಚದರ ಇಂಚು, 280ರಿಂದ 295 ಗ್ರಾಂ, ಹೆಡ್ ಹಗುರವಾದ ಗ್ರಾಫೈಟ್ ರ‍್ಯಾಕೆಟ್ ನಿಮಗೆ ಹೊಂದಬೇಕು. ಯಾವ ಕಂಪನಿಯದು ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ. ಗಮನವಿರಲಿ, ಫ್ರೇಮಿನ ಮೇಲೆ ಬರೆದ ತೂಕ ಬಹುಪಾಲು ಸ್ಟ್ರಿಂಗ್ ಹಾಕುವ ಮೊದಲಿನದು, ಸ್ಟ್ರಿಂಗ್ ಸೇರಿದ ಮೇಲೆ ಇನ್ನೂ 15 ಗ್ರಾಂಗೂ ಹೆಚ್ಚು ಕೂಡುತ್ತದೆ. ಆನ್‌ಲೈನಿನಲ್ಲಿ ತರಿಸುವ ಮುನ್ನ ನಿಮ್ಮ ಕೋರ್ಟಿನ ಗೆಳೆಯರ ಬಳಿ ಈ ಅಳತೆಗೆ ಹತ್ತಿರವಿರುವ ಒಂದೆರಡನ್ನು ಕೇಳಿ ಪಡೆದು, ಒಂದೊಂದರಲ್ಲಿ ಪೂರ್ತಿ ಒಂದು ಸೆಟ್ ಆಡಿ, ಸರ್ವ್ ಮತ್ತು ವಾಲಿ ಎರಡನ್ನೂ ನೋಡಿ; ಮರುದಿನ ಬೆಳಿಗ್ಗೆ ಮೊಣಕೈ ಮತ್ತು ಮಣಿಕಟ್ಟು ಹೇಗಿವೆ ಎಂದು ಗಮನಿಸಿದ ಮೇಲೆಯೇ ಹಣ ಕೊಡಿ.